ಏಳು ಮಂದಿ ವಿದ್ಯಾರ್ಥಿಗಳು ಕಟ್ಟಿದ ಸೋದರ ಸಂಘ

ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಒಂದು ಪ್ರಶ್ನೆ. ಪರದೇಶದಲ್ಲಿ ಕೆಲವರು ಸೇರಿ ಒಂದು ಸಂಘ ಕಟ್ಟುತ್ತಾರಲ್ಲ, ಅದು ಏತಕ್ಕಾಗಿ? ಯುಗಾದಿಗೆ ಒಬ್ಬಟ್ಟು ತಿಂದು, ರಾಜ್ಯೋತ್ಸವಕ್ಕೆ ನಾಟಕ ಆಡಿ, ಚಂದಾ ಕಟ್ಟಿ ಮನೆಗೆ ಹೋಗುವುದಕ್ಕಷ್ಟೇ ಆದರೆ ಇಷ್ಟು ವರ್ಷ ಅದು ಉಳಿಯುತ್ತಿರಲಿಲ್ಲ. ಇದಕ್ಕೆ ಉತ್ತರ ಹುಡುಕುತ್ತಾ ನಾನು ಓದಿಕೊಂಡ ಅಮೆರಿಕದ ಒಂದು ವಿದ್ಯಾರ್ಥಿ ಸಂಘದ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮಕ್ಕಳನ್ನು ಕಾಲೇಜಿಗೆ ಬಿಟ್ಟು ಬರಲು ಹೋದ ನಮ್ಮಲ್ಲನೇಕರು ದೊಡ್ಡ ದೊಡ್ಡ ಮನೆಗಳ ಮುಂದೆ ಗ್ರೀಕ್ ಅಕ್ಷರಗಳನ್ನು ಕಂಡು ಬೆರಗಾಗಿದ್ದೇವೆ. ಇವೇ ಫ್ರೆಟರ್ನಿಟಿಗಳು, ಅಂದರೆ ಸೋದರ ಸಂಘಗಳು. ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಮೊದಲ ಸಂಘ ಫೈ ಬೀಟಾ ಕಪ್ಪಾ. ಅದು ವರ್ಜೀನಿಯಾದ ವಿಲಿಯಮ್ ಅಂಡ್ ಮೇರಿ ಕಾಲೇಜಿನಲ್ಲಿ 1776ರಲ್ಲಿ, ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ವರ್ಷದಲ್ಲೇ, ಹುಟ್ಟಿತು. ಮುಂದೆ ಅದು ವಿದ್ವತ್ತಿನ ಗೌರವ ಸಂಘವಾಯಿತು. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಎಂಬ ಸಂಘ ಪ್ರಾರಂಭವಾದ ಮೇಲೆ ಇಂದಿನ ಮಾದರಿಯ ಸೋದರ ಸಂಘಗಳು ಊರೂರಿಗೂ ಹರಡಿದವು. ಒಂದೊಂದು ಕಾಲೇಜಿಗೆ ಒಂದೊಂದು ಶಾಖೆ, ಶಾಖೆಗೊಂದು ಮನೆ, ಓದು ಮುಗಿಸಿ ಹೋದ ಹಳೆಯ ವಿದ್ಯಾರ್ಥಿಗಳು ಆ ಮನೆಗೂ ಅಲ್ಲಿಯ ಹುಡುಗರಿಗೂ ಆಸರೆ. ಆದರೆ ಈ ಸೋದರತ್ವಕ್ಕೆ ಒಂದು ಬೇಲಿಯಿತ್ತು. ಅದು ಬಿಳಿಯರಿಗೆ ಮಾತ್ರ!

ಈಗ ಇಥಾಕಾ ಊರಿಗೆ ಬರೋಣ. 1865ರಲ್ಲಿ ಸ್ಥಾಪಿತವಾದ ಕಾರ್ನೆಲ್ ವಿಶ್ವವಿದ್ಯಾಲಯ ಯಾರಿಗೆ ಬೇಕಾದರೂ ಯಾವ ವಿದ್ಯೆ ಬೇಕಾದರೂ ಕಲಿಸುತ್ತೇವೆಂದು ಸಾರಿದ ಸಂಸ್ಥೆ. ಅಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳಿಗೆ ಪ್ರವೇಶವೇನೋ ಇತ್ತು. ಆದರೆ ತರಗತಿಯ ಹೊರಗೆ ಅವರು ಒಂಟಿಗಳು. ಊರಿನಲ್ಲಿದ್ದ ತಮ್ಮವರ ಮನೆಗಳಲ್ಲಿ ಇರುತ್ತಿದ್ದರು. ಕೆಲವರು ಹೊಟ್ಟೆಪಾಡಿಗಾಗಿ ಬಿಳಿಯರ ಸೋದರ ಸಂಘಗಳ ಮನೆಗಳಲ್ಲೇ ಊಟ ಬಡಿಸುವ ಕೆಲಸ ಮಾಡುತ್ತಿದ್ದರು. 1905ರಲ್ಲಿ ಹೊಸ ಶೈಕ್ಷಣಿಕ ವರ್ಷ ಆರಂಭವಾದಾಗ, ಹಿಂದಿನ ವರ್ಷ ಓದುತ್ತಿದ್ದ ಅಂಥ ಆರು ಮಂದಿ ಕಾಲೇಜಿಗೆ ಮರಳಲಿಲ್ಲ. ಬೆರಳೆಣಿಕೆಯ ಗುಂಪಿನಲ್ಲಿ ಆರು ಜನ ಕಾಣೆಯಾದರೆ ಉಳಿದವರ ಎದೆ ಒಡೆಯದೇ?

ಉಳಿದವರು ಕಣ್ಣೀರಿಡುತ್ತ ಕೂಡಲಿಲ್ಲ. ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳಲು, ಧೈರ್ಯ ತುಂಬಲು ಕೂಟವೊಂದನ್ನು ಮಾಡಿಕೊಂಡರು. 1906ರ ಡಿಸೆಂಬರ್ 4ರಂದು ಅದು ಆಲ್ಫಾ ಫೈ ಆಲ್ಫಾ ಎಂಬ ಸೋದರ ಸಂಘವಾಯಿತು. ಅದರ ಸಂಸ್ಥಾಪಕರು ಏಳು ಮಂದಿ: ಕ್ಯಾಲಿಸ್, ಚಾಪ್‌ಮನ್, ಜೋನ್ಸ್, ಕೆಲ್ಲಿ, ಮರ್ರೆ, ಓಗ್ಲ್ ಮತ್ತು ಟ್ಯಾಂಡಿ. ಇವರನ್ನು ಸಂಘದವರು ಇಂದಿಗೂ 'ಏಳು ರತ್ನಗಳು' ಎಂದೇ ಕರೆಯುತ್ತಾರೆ. ಮುಂದೆ ಕ್ಯಾಲಿಸ್ ವೈದ್ಯರಾದರು, ಕೆಲ್ಲಿ ಇಂಜಿನಿಯರಾದರು, ಜೋನ್ಸ್ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು, ಟ್ಯಾಂಡಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತರಾದ ಮೊದಲ ಕಪ್ಪು ವರ್ಣದ ವಾಸ್ತುಶಿಲ್ಪಿಯಾದರು.

ಮರುವರ್ಷವೇ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಎರಡನೆಯ ಶಾಖೆ ತೆರೆಯಿತು. 1911ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಹಳೆಯ ವಿದ್ಯಾರ್ಥಿಗಳದ್ದೇ ಮೊದಲ ಶಾಖೆ ಸ್ಥಾಪನೆಯಾಯಿತು. ಪದವಿ ಪಡೆದ ಮೇಲೂ ಸಂಬಂಧ ಮುಗಿಯುವುದಿಲ್ಲ, ಅದು ಜೀವಮಾನದ ನಂಟು ಎಂಬುದಕ್ಕೆ ಇದು ಸಾಕ್ಷಿ. 1914ರಲ್ಲಿ 'ದಿ ಸ್ಫಿಂಕ್ಸ್' ಎಂಬ ಪತ್ರಿಕೆ ಹೊರಬಂತು. ದೂರ ದೂರದ ಶಾಖೆಗಳ ಸುದ್ದಿ ಅದರಲ್ಲಿ ಒಂದೆಡೆ ಸೇರುತ್ತಿತ್ತು. ನಮ್ಮ ವಾರ್ತಾಪತ್ರಿಕೆಯ ಕೊನೆಯ ಪುಟದ ಸುದ್ದಿಗಳನ್ನು 'ಇದೆಲ್ಲ ಯಾರು ಓದುತ್ತಾರೆ' ಎಂದು ನಾವು ಹಾಸ್ಯ ಮಾಡುವುದುಂಟು. ಆದರೆ ಹೊಸ ಊರಿನಲ್ಲಿ ಕೆಲಸ ಹುಡುಕಿ ಇಳಿದ ಹುಡುಗನಿಗೆ ಅಲ್ಲಿ ತನ್ನವರು ಯಾರಿದ್ದಾರೆಂದು ತಿಳಿಸುವುದು ಇಂಥ ಸುದ್ದಿಗಳೇ.

ಹನಿ ಹನಿ ಕೂಡಿದರೆ ಹಳ್ಳ ಎನ್ನುವಂತೆ ಈ ಸಂಘದ ಬಲ ತನ್ನ ಸದಸ್ಯರಾಚೆಗೂ ಹರಿಯಿತು. 1920ರ ದಶಕದಲ್ಲಿ ಮಕ್ಕಳನ್ನು ಹೈಸ್ಕೂಲಿಗೆ, ಕಾಲೇಜಿಗೆ ಕಳುಹಿಸಿರೆಂಬ ಪ್ರಚಾರಾಂದೋಲನವನ್ನು ಅದು ನಡೆಸಿತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಶಾಲೆ ಡೊನಾಲ್ಡ್ ಮರ್ರೆ ಎಂಬ ತರುಣನಿಗೆ ಬಣ್ಣದ ಕಾರಣದಿಂದ ಪ್ರವೇಶ ನಿರಾಕರಿಸಿದಾಗ ಸಂಘ ಅವನ ಬೆಂಬಲಕ್ಕೆ ನಿಂತಿತು. ಅವನ ಪರವಾಗಿ ವಾದಿಸಿದವರು ಚಾರ್ಲ್ಸ್ ಹ್ಯೂಸ್ಟನ್ ಮತ್ತು ಸಂಘದ ಸದಸ್ಯ ಥರ್ಗುಡ್ ಮಾರ್ಷಲ್. 1935ರಲ್ಲಿ ಕೆಳಗಿನ ನ್ಯಾಯಾಲಯದಲ್ಲೂ 1936ರಲ್ಲಿ ಮೇಲಿನ ನ್ಯಾಯಾಲಯದಲ್ಲೂ ಜಯ ದೊರೆಯಿತು. ಇದೇ ಮಾರ್ಷಲ್ 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಆಫ್ರಿಕನ್ ಅಮೆರಿಕನ್ ನ್ಯಾಯಾಧೀಶರಾದರು.

ಇನ್ನೊಂದು ಪ್ರಸಂಗ ಕೇಳಿ. 1942ರಲ್ಲಿ ಎಲ್ಮರ್ ಹೆಂಡರ್ಸನ್ ಎಂಬವರು ಸರ್ಕಾರದ ಕೆಲಸದ ಮೇಲೆ ರೈಲಿನಲ್ಲಿ ಹೋಗುತ್ತಿದ್ದರು. ಊಟದ ಬೋಗಿಯಲ್ಲಿ ಕಪ್ಪು ಜನರಿಗೆಂದು ಪರದೆಯ ಬದಿಗೆ ಇಟ್ಟಿದ್ದ ಮೇಜುಗಳಲ್ಲಿ ಬಿಳಿಯರು ಕುಳಿತುಬಿಟ್ಟಿದ್ದರು. ಒಂದು ಜಾಗ ಖಾಲಿಯಿದ್ದರೂ ಅವರಿಗೆ ಊಟ ಸಿಗಲಿಲ್ಲ. ಎಂಟು ವರ್ಷ ನಡೆದ ಈ ಮೊಕದ್ದಮೆಗೂ ಸಂಘದ ಬೆಂಬಲವಿತ್ತು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಬೆಲ್‌ಫರ್ಡ್ ಲಾಸನ್ ಆಗ ಸಂಘದ ಅಧ್ಯಕ್ಷರಾಗಿದ್ದರು. 1950ರಲ್ಲಿ ಆ ಪರದೆ ಕಾನೂನುಬಾಹಿರವೆಂದು ತೀರ್ಪು ಬಂತು. ಪಂಕ್ತಿಭೇದವೆಂದರೇನೆಂದು ತಿಳಿದ ನಾಡಿನಿಂದ ಬಂದ ನಮಗೆ ಈ ಕಥೆಯ ನೋವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲಿ ನಮ್ಮ ಋಣವೂ ಇದೆ. 1946ರ ಕಾನೂನಿನಂತೆ ಭಾರತದಿಂದ ಇಲ್ಲಿ ಬಂದು ನೆಲೆಸಲು ವರ್ಷಕ್ಕೆ ಸುಮಾರು 100 ಮಂದಿಗಷ್ಟೇ ಅವಕಾಶವಿತ್ತು. ಆ ಗೋಡೆಯನ್ನು ಕೆಡವಿದ 1965ರ ವಲಸೆ ಕಾನೂನು ನಾಗರಿಕ ಹಕ್ಕುಗಳ ಚಳವಳಿ ಹದಗೊಳಿಸಿದ ನೆಲದಲ್ಲಿ ಹುಟ್ಟಿದ್ದು. ಆ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1952ರಲ್ಲಿ ಬಾಸ್ಟನ್ನಿನಲ್ಲಿ ಇದೇ ಸಂಘವನ್ನು ಸೇರಿದವರು. ವಾಷಿಂಗ್ಟನ್ನಿನಲ್ಲಿ 2011ರಲ್ಲಿ ಲೋಕಾರ್ಪಣೆಯಾದ ಅವರ ಸ್ಮಾರಕದ ಯೋಜನೆಯನ್ನು ಮೊದಲು ಕೈಗೆತ್ತಿಕೊಂಡದ್ದೂ ಈ ಸೋದರರೇ.

ಹಾಗೆಂದು ಸೋದರ ಸಂಘಗಳೆಲ್ಲ ಹಾಲಿನಂತೆ ಶುಭ್ರವೆಂದು ನಾನು ಹೇಳಲಾರೆ. ಹೊಸಬರಿಗೆ ಕೊಡುವ ಹಿಂಸೆಯಿಂದ, ಕುಡಿತದಿಂದ ಎಷ್ಟೋ ತಾಯಂದಿರು ಮಕ್ಕಳನ್ನು ಕಳೆದುಕೊಂಡಿದ್ದಾರೆ. ಆಫ್ರಿಕನ್ ಅಮೆರಿಕನ್ ಸಂಘಗಳು 1990ರಲ್ಲಿ ಹಳೆಯ ಸೇರ್ಪಡೆ ಪದ್ಧತಿಯನ್ನು ಅಧಿಕೃತವಾಗಿ ಕೈಬಿಟ್ಟರೂ ಪಿಡುಗು ಪೂರ್ತಿ ತೊಲಗಿಲ್ಲ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಇದರ ವಿರುದ್ಧ ಕಾನೂನು ತಂದಿದೆ. ಮಕ್ಕಳು ಸೇರುತ್ತೇನೆಂದರೆ ಕಣ್ಣುಮುಚ್ಚಿ ಬೇಡವೆನ್ನಬೇಡಿ, ಕಣ್ಣುಮುಚ್ಚಿ ಹೂಂ ಅನ್ನಲೂ ಬೇಡಿ. ಆ ಶಾಖೆಯ ನಡತೆಯನ್ನು ವಿಚಾರಿಸಿ.

ನಮ್ಮ ಹಿರಿಯರಲ್ಲಿ ಅನೇಕರು ವಾರಾನ್ನ ಉಂಡು ಓದಿದವರು. ಸಿದ್ಧಗಂಗೆಯಂಥ ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಬೆಳೆದವರೂ ಉಂಟು. ಯಾರೋ ಇಟ್ಟ ತುತ್ತು ನಮ್ಮನ್ನು ಇಲ್ಲಿಯವರೆಗೆ ತಂದಿದೆ. ಪ್ರತಿ ಆಗಸ್ಟಿನಲ್ಲಿ ಎರಡು ಸೂಟ್‌ಕೇಸು ಹಿಡಿದು ಇಳಿಯುವ ಕನ್ನಡದ ಹುಡುಗ ಹುಡುಗಿಯರಿಗೆ ವಿಮಾನ ನಿಲ್ದಾಣದಲ್ಲಿ ಒಂದು ಪರಿಚಿತ ದನಿ, ಮೊದಲ ವಾರ ಬಿಸಿ ಅನ್ನ ಸಾರು, ಓದು ಮುಗಿದಾಗ ಕೆಲಸಕ್ಕೊಂದು ಸಲಹೆ, ಇಷ್ಟನ್ನು ನಾವು ಕೊಡಲಾರೆವೇ? ಇಥಾಕಾದ ಆ ಏಳು ಮಂದಿಯ ಬಳಿ ಹಣವಿರಲಿಲ್ಲ, ಮನೆಯಿರಲಿಲ್ಲ. ತಮ್ಮಲ್ಲಿ ಇನ್ನೊಬ್ಬ ಕಾಣೆಯಾಗಬಾರದೆಂಬ ಹಟವಿತ್ತು. ನಮ್ಮ ಸಂಘಕ್ಕೂ ಆ ಹಟ ಬರಲಿ ಎಂದು ಈ ಶುಭದಿನದಂದು ಹಾರೈಸುತ್ತೇನೆ.