ಫೋನ್ ಸುತ್ತಿಸಿದರೆ 3ಡಿ ಮಾದರಿ ಸಿದ್ಧವೇ? ಅಮೃತಾಪುರದ ಕಂಬ ಕೊಡುವ ಉತ್ತರ

‘ಒಂದು ಫೋಟೊ ಹಾಕಿ, ಕೆಲವೇ ಸೆಕೆಂಡಿನಲ್ಲಿ 3ಡಿ ಮಾದರಿ ಪಡೆಯಿರಿ’ ಎನ್ನುವ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಇನ್ನೊಂದು ಬಗೆಯ ಸಂದೇಶವನ್ನೂ ನೀವು ನೋಡಿರಬಹುದು: ‘ಹೊಯ್ಸಳರ ಕಂಬಗಳು ಇಷ್ಟು ದುಂಡಗೆ, ಇಷ್ಟು ನುಣುಪಾಗಿವೆ ಎಂದರೆ ಅವರ ಬಳಿ ಕಂಪ್ಯೂಟರ್ ಚಾಲಿತ ಯಂತ್ರ ಇದ್ದಿರಲೇಬೇಕು.’ ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ: ಕೆಲಸವೆಲ್ಲ ಯಂತ್ರದ್ದು, ಅಳೆಯುವ ಮನುಷ್ಯ ಬೇಕಿಲ್ಲ.

ಇದು ಎಷ್ಟು ನಿಜ? ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಹವ್ಯಾಸಕ್ಕಾಗಿ 3ಡಿ ಮಾದರಿ ಕಲಿಯುವವರಿಗೆ ಉತ್ತರ ಹತ್ತಿರದಲ್ಲೇ ಇದೆ. ಅದು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಈ ಗುಡಿಯ ಮಂಟಪದಲ್ಲಿ ಕಡೆದು ಹೊಳಪು ಕೊಟ್ಟ ಕಂಬಗಳ ಸಾಲುಗಳಿವೆ.

ಕಂಬ ದುಂಡಗಾಗಲು ಕಂಪ್ಯೂಟರ್ ಬೇಕಿತ್ತೇ?

ಬೇಕಿರಲಿಲ್ಲ. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಇದು ಗ್ರಾನೈಟ್‌ಗಿಂತ ಬಹಳ ಮೃದು. ಒಂದು ವಸ್ತುವನ್ನು ಅದರ ನಡುಗೆರೆಯ ಸುತ್ತ ತಿರುಗಿಸುತ್ತಾ ಉಳಿಯನ್ನು ಒಂದೆಡೆ ಹಿಡಿದರೆ ಸುತ್ತಲೂ ಒಂದೇ ಆಳದ ಉಂಗುರ ಮೂಡುತ್ತದೆ. ಚನ್ನಪಟ್ಟಣದ ಮರದ ಬೊಂಬೆಗಳನ್ನು ಇಂದಿಗೂ ಹೀಗೆಯೇ ಕಡೆಯುತ್ತಾರೆ. ಕುಂಬಾರನ ತಿಗರಿಯ ಮೇಲೆ ಮಡಕೆ ದುಂಡಗಾಗುವುದೂ ಇದೇ ತತ್ವದಿಂದ. ದುಂಡಗಿರುವುದು ತಿರುಗುವಿಕೆಯ ಫಲ, ಕಂಪ್ಯೂಟರಿನದಲ್ಲ.

ನಿಜಕ್ಕೂ ಆಗಿರುವುದು ಇದಕ್ಕೆ ವಿರುದ್ಧ. ಕಂಪ್ಯೂಟರ್ ವಿನ್ಯಾಸದ ತಂತ್ರಾಂಶಗಳಲ್ಲಿರುವ ‘ರಿವಾಲ್ವ್’ ಎಂಬ ಆಯ್ಕೆ, ಕಡೆಯುವವರ ಈ ಹಳೆಯ ವಿಧಾನದ ನಕಲು. ಕಂಬದ ಅರ್ಧ ಅಂಚನ್ನು ಗೆರೆಯಾಗಿ ಬರೆದು ನಡುಗೆರೆಯ ಸುತ್ತ 360 ಡಿಗ್ರಿ ತಿರುಗಿಸಿದರೆ ಪೂರ್ತಿ ಕಂಬ ಬರುತ್ತದೆ. ಹೀಗಾಗಿ ನಮ್ಮ ಮೊದಲ ಸಲಹೆ: ಯಾವುದೇ ವಸ್ತುವಿನ ಮಾದರಿ ಮಾಡುವ ಮೊದಲು ಅದನ್ನು ಹೇಗೆ ತಯಾರಿಸಿರಬಹುದು ಎಂದು ಯೋಚಿಸಿ. ಕಡೆದಿದ್ದರೆ ರಿವಾಲ್ವ್, ಹಲಗೆಯಿಂದ ಕತ್ತರಿಸಿದ್ದರೆ ಎಕ್ಸ್‌ಟ್ರೂಡ್, ಅಚ್ಚಿನಂತೆ ಪುನರಾವರ್ತನೆಯಾಗಿದ್ದರೆ ಪ್ಯಾಟರ್ನ್. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಫೋಟೊದಿಂದ ಮಾದರಿ: ಎಷ್ಟು ನಂಬಬಹುದು?

ಒಂದೇ ಫೋಟೊದಿಂದ ಮಾದರಿ ಮಾಡುವ ಆ್ಯಪ್‌ಗಳು ಫೋಟೊದಲ್ಲಿ ಕಾಣದ ಹಿಂಭಾಗವನ್ನು ಊಹಿಸಿ ತುಂಬುತ್ತವೆ. ನೋಡಲು ಚೆನ್ನಾಗಿದ್ದರೂ ಅದು ಆ ವಸ್ತುವಿನ ದಾಖಲೆಯಲ್ಲ. ಹಲವು ಕೋನಗಳಿಂದ ತೆಗೆದ ಫೋಟೊಗಳನ್ನು ಜೋಡಿಸುವ ವಿಧಾನಕ್ಕೆ ಫೋಟೊಗ್ರಾಮೆಟ್ರಿ ಎನ್ನುತ್ತಾರೆ. ಇದು ಹೆಚ್ಚು ನಂಬಿಕೆಗೆ ಅರ್ಹ. ಆದರೆ ಅದಕ್ಕೂ ಎರಡು ಮಿತಿಗಳಿವೆ.

ಮೊದಲನೆಯದು ಅಳತೆ. ಫೋಟೊಗಳಿಂದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಗುಡಿಯ ಫೋಟೊ ಆದರೂ, ಬೆಂಕಿಪೊಟ್ಟಣದ ಫೋಟೊ ಆದರೂ ತಂತ್ರಾಂಶಕ್ಕೆ ಒಂದೇ. ಆದ್ದರಿಂದ ಗೊತ್ತಿರುವ ಉದ್ದದ ಒಂದು ಸ್ಕೇಲ್ ಅನ್ನು ವಸ್ತುವಿನ ಪಕ್ಕದ ನೆಲದ ಮೇಲಿಟ್ಟು ಫೋಟೊ ತೆಗೆಯಿರಿ. ನಂತರ ಮಾದರಿಯಲ್ಲಿ ಆ ಸ್ಕೇಲ್ ಸರಿಯಾದ ಉದ್ದಕ್ಕೆ ಬರುವಂತೆ ಇಡೀ ಮಾದರಿಯನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ.

ಎರಡನೆಯದು ಹೊಳಪು. ನೀವು ಸರಿದಂತೆ ಹೊಳೆಯುವ ಮೇಲ್ಮೈಯ ಬೆಳಕಿನ ಚುಕ್ಕೆಯೂ ಸರಿಯುತ್ತದೆ. ತಂತ್ರಾಂಶ ಅದನ್ನೇ ಗುರುತೆಂದು ತಿಳಿದು ದಾರಿ ತಪ್ಪುತ್ತದೆ. ಅಮೃತಾಪುರದಂಥ ನುಣುಪಾದ ಕಂಬಗಳ ಮಾದರಿಯಲ್ಲಿ ಗುಳಿ, ಗಂಟುಗಳು ಬರಲು ಇದು ಮುಖ್ಯ ಕಾರಣ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ‘ಹೊಳೆಯುವ ವಸ್ತುವಿಗೆ ಟಾಲ್ಕಮ್ ಪೌಡರ್, ಸೀಮೆಸುಣ್ಣದ ಪುಡಿ ಅಥವಾ ಸ್ಪ್ರೇ ಹಾಕಿ ಸ್ಕ್ಯಾನ್ ಮಾಡಿ’ ಎಂಬ ಸಲಹೆ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಮನೆಯ ಸ್ಟೀಲ್ ಲೋಟಕ್ಕೆ ಅದು ಸರಿ. ದೇವಾಲಯದ ಕಲ್ಲಿಗೆ ಯಾವ ಕಾರಣಕ್ಕೂ ಬೇಡ. ಮೃದುವಾದ ಬಳಪದ ಕಲ್ಲಿನ ಗೆರೆಗಳಲ್ಲಿ ಪುಡಿ ಕೂರುತ್ತದೆ, ಉಜ್ಜಿ ತೆಗೆದರೆ ಹೊಳಪೂ ಹೋಗುತ್ತದೆ. ಅಮೃತೇಶ್ವರ ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಇಂಥ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಟ್ರೈಪಾಡ್ ಅಥವಾ ಡ್ರೋನ್ ಬಳಸುವುದಿದ್ದರೆ ಮೊದಲೇ ಅನುಮತಿ ಪಡೆಯಿರಿ.

ಹಾಗಾದರೆ ಸುಲಭದ ದಾರಿ ಯಾವುದು? ಮೋಡವಿರುವ ದಿನ, ಫ್ಲ್ಯಾಶ್ ಇಲ್ಲದೆ, ಸ್ವಲ್ಪ ದೂರ ನಿಂತು, ಕಂಬದ ನಡು ಎತ್ತರಕ್ಕೆ ಫೋನ್ ಹಿಡಿದು ಜೂಮ್ ಮಾಡಿ ನೇರವಾದ ಒಂದು ಫೋಟೊ ತೆಗೆಯಿರಿ. ತೀರಾ ಹತ್ತಿರದಿಂದ ತೆಗೆದರೆ ಮೇಲಿನ ಮತ್ತು ಕೆಳಗಿನ ಭಾಗಗಳು ಸೊಟ್ಟಗೆ ಕಾಣುತ್ತವೆ. ಆ ಫೋಟೊವನ್ನು ತಂತ್ರಾಂಶದಲ್ಲಿ ಹಿನ್ನೆಲೆಯಾಗಿಟ್ಟು ಅರ್ಧ ಅಂಚನ್ನು ಬರೆದು ರಿವಾಲ್ವ್ ಮಾಡಿ. ಕಡೆದ ಕಂಬಕ್ಕೆ ನೂರು ಫೋಟೊಗಳ ಸ್ಕ್ಯಾನ್‌ಗಿಂತ ಇದೇ ಹೆಚ್ಚು ಶುದ್ಧವಾದ ಮಾದರಿ ಕೊಡುತ್ತದೆ.

ಯಾವ ತಂತ್ರಾಂಶ?

ಮೊದಲ ಬಾರಿಗೆ ಕಲಿಯುವವರಿಗೆ ಬ್ರೌಸರ್‌ನಲ್ಲೇ ನಡೆಯುವ ಉಚಿತ ಟಿಂಕರ್‌ಕ್ಯಾಡ್ ಸಾಕು. ಅಳತೆ ಮುಖ್ಯವಾದ ಬಿಡಿಭಾಗಗಳಿಗೆ ಫ್ರೀಕ್ಯಾಡ್, ಶಿಲ್ಪದಂಥ ಆಕಾರಗಳಿಗೆ ಬ್ಲೆಂಡರ್ ಸೂಕ್ತ. ಈ ಎರಡೂ ಉಚಿತ ಮತ್ತು ಮುಕ್ತ ತಂತ್ರಾಂಶಗಳು. ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಇದ್ದರೆ ಕೆಲಸ ಸಲೀಸು. ‘ದುಬಾರಿ ಕ್ಯಾಡ್ ತಂತ್ರಾಂಶದ ಪೂರ್ತಿ ಆವೃತ್ತಿ ಉಚಿತ, ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ. ಕಳ್ಳ ಆವೃತ್ತಿಗಳ ಜೊತೆ ವೈರಸ್ ಬರುವುದು ಸಾಮಾನ್ಯ. ಉಚಿತವಾದದ್ದು ಅಧಿಕೃತ ತಾಣದಲ್ಲೇ ಸಿಗುವಾಗ ಆ ಅಪಾಯವೇಕೆ?

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

1. ಮಾದರಿ ಚುಕ್ಕೆಯಷ್ಟು ಚಿಕ್ಕದಾಗಿ ಅಥವಾ ಬೃಹತ್ತಾಗಿ ತೆರೆದುಕೊಳ್ಳುತ್ತದೆ

ಪ್ರಿಂಟಿಂಗ್‌ಗೆ ಹೆಚ್ಚು ಬಳಸುವ ಎಸ್‌ಟಿಎಲ್ ಫೈಲ್‌ನಲ್ಲಿ ಸಂಖ್ಯೆಗಳಿರುತ್ತವೆ, ಅವು ಮಿಲಿಮೀಟರೋ ಇಂಚೋ ಎಂಬ ಮಾಹಿತಿ ಇರುವುದಿಲ್ಲ. ಪ್ರಿಂಟಿಂಗ್ ತಂತ್ರಾಂಶಗಳು ಸಾಮಾನ್ಯವಾಗಿ ಅದನ್ನು ಮಿಲಿಮೀಟರ್ ಎಂದುಕೊಳ್ಳುತ್ತವೆ. ವ್ಯತ್ಯಾಸ 10 ಪಟ್ಟು ಇದ್ದರೆ ಸೆಂಟಿಮೀಟರ್, 25.4 ಪಟ್ಟು ಇದ್ದರೆ ಇಂಚು, 1000 ಪಟ್ಟು ಇದ್ದರೆ ಮೀಟರ್‌ನ ಗೊಂದಲ. ಬ್ಲೆಂಡರ್‌ನಲ್ಲಿ ಆರಂಭದ ಮಾನ ಮೀಟರ್ ಆಗಿರುವುದರಿಂದ ಇದು ಆಗಾಗ ಎದುರಾಗುತ್ತದೆ. ಮಾನದ ಮಾಹಿತಿಯನ್ನೂ ಒಯ್ಯುವ 3ಎಂಎಫ್ ಫೈಲ್ ಬಳಸಿದರೆ ಈ ತಲೆನೋವಿಲ್ಲ.

2. ರಿವಾಲ್ವ್ ಮಾಡಿದಾಗ ದೋಷ ತೋರಿಸುತ್ತದೆ

ಮೂರು ಕಡೆ ನೋಡಿ. ಅಂಚಿನ ಗೆರೆ ಎಲ್ಲೂ ಬಿಟ್ಟುಹೋಗದೆ ಮುಚ್ಚಿಕೊಂಡಿದೆಯೇ? ಗೆರೆ ನಡುಗೆರೆಯನ್ನು ದಾಟಿ ಆಚೆ ಹೋಗಿದೆಯೇ? ಒಂದರ ಮೇಲೊಂದು ಎರಡು ಗೆರೆಗಳಿವೆಯೇ? ಫ್ರೀಕ್ಯಾಡ್‌ನಲ್ಲಿ ಎಲ್ಲ ಅಳತೆಗಳೂ ನಿಗದಿಯಾದರೆ ಸ್ಕೆಚ್ ಹಸಿರಾಗುತ್ತದೆ. ಹಸಿರಾಗುವವರೆಗೆ ಮುಂದಿನ ಹಂತಕ್ಕೆ ಹೋಗದಿರುವುದು ಒಳ್ಳೆಯ ಅಭ್ಯಾಸ.

3. ‘ಮಾದರಿಯಲ್ಲಿ ತೂತುಗಳಿವೆ’ ಎಂಬ ಎಚ್ಚರಿಕೆ

ಪ್ರಿಂಟ್ ಆಗುವ ಮಾದರಿ ನೀರು ತುಂಬಿದರೆ ಸೋರದ ಬಿಂದಿಗೆಯಂತಿರಬೇಕು. ಒಂದು ಮುಖ ಇಲ್ಲದಿದ್ದರೂ ಯಾವುದು ಒಳಗೆ, ಯಾವುದು ಹೊರಗೆ ಎಂದು ಪ್ರಿಂಟರ್‌ಗೆ ತಿಳಿಯುವುದಿಲ್ಲ. ಬ್ಲೆಂಡರ್‌ನಲ್ಲಿ ಎಲ್ಲವನ್ನೂ ಆಯ್ದು ‘ಮರ್ಜ್ ಬೈ ಡಿಸ್ಟನ್ಸ್’ ಮಾಡಿ, ನಂತರ ಶಿಫ್ಟ್ ಮತ್ತು ಎನ್ ಕೀಲಿ ಒಟ್ಟಿಗೆ ಒತ್ತಿ ಮುಖಗಳ ದಿಕ್ಕು ಸರಿಪಡಿಸಿ. ಉಳಿದ ತೂತುಗಳನ್ನು ‘ನಾನ್ ಮ್ಯಾನಿಫೋಲ್ಡ್’ ಆಯ್ಕೆಯಿಂದ ಹುಡುಕಿ ತುಂಬಿ.

4. ಒಂದು ಅಳತೆ ಬದಲಿಸಿದರೆ ಉಳಿದದ್ದೆಲ್ಲ ಕೆಡುತ್ತದೆ

ಈಗಾಗಲೇ ಮಾಡಿದ ಮುಖದ ಮೇಲೆ ಹೊಸ ಸ್ಕೆಚ್ ಅಂಟಿಸಿದಾಗ ಹೀಗಾಗುತ್ತದೆ. ಆ ಮುಖದ ಗುರುತು ಬದಲಾದರೆ ಸ್ಕೆಚ್ ನೆಲೆ ತಪ್ಪುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಫ್ರೀಕ್ಯಾಡ್ 1.0ರಲ್ಲಿ ಈ ತೊಂದರೆ ಬಹಳ ಮಟ್ಟಿಗೆ ತಗ್ಗಿದೆ. ಆದರೂ ಸ್ಕೆಚ್‌ಗಳನ್ನು ಮೂಲ ಸಮತಲಗಳಿಗೇ ಜೋಡಿಸುವುದು ಕ್ಷೇಮ.

5. ಸೂಕ್ಷ್ಮ ಕೆತ್ತನೆ ಪ್ರಿಂಟ್‌ನಲ್ಲಿ ಮಾಯ

ಲೆಕ್ಕ ಹಾಕಿ ನೋಡಿ. 2 ಮೀಟರ್ ಎತ್ತರದ ಕಂಬವನ್ನು 20ನೇ ಒಂದು ಭಾಗಕ್ಕೆ ಇಳಿಸಿದರೆ 100 ಮಿಲಿಮೀಟರ್ ಆಗುತ್ತದೆ. ಅದರಲ್ಲಿ 5 ಮಿಲಿಮೀಟರ್ ಅಗಲದ ಉಂಗುರದ ಗೆರೆ ಕೇವಲ 0.25 ಮಿಲಿಮೀಟರ್. ಪ್ರಿಂಟರ್‌ನ ಒಂದು ಪದರದ ದಪ್ಪ ಸಾಮಾನ್ಯವಾಗಿ 0.2 ಮಿಲಿಮೀಟರ್. ಅಂದರೆ ಗೆರೆಗೆ ಸಿಗುವುದು ಒಂದೇ ಪದರ, ಅದು ಕಣ್ಣಿಗೆ ಕಾಣುವುದೇ ಕಷ್ಟ. ಚಿಕ್ಕ ಮಾದರಿಯಲ್ಲಿ ಅಂಥ ಗೆರೆಗಳನ್ನು ಬೇಕೆಂದೇ ಹಿಗ್ಗಿಸಿ, ಮತ್ತು ಹಾಗೆ ಮಾಡಿದ್ದೀರಿ ಎಂದು ಬರೆದಿಡಿ. ಗೋಡೆಗಳು 0.8 ಮಿಲಿಮೀಟರ್‌ಗಿಂತ ತೆಳುವಾಗದಿರಲಿ. 45 ಡಿಗ್ರಿಗಿಂತ ಹೆಚ್ಚು ಹೊರಚಾಚಿದ ಭಾಗಗಳಿಗೆ ಆಸರೆ ಬೇಕಾಗುತ್ತದೆ, ಇಲ್ಲವೇ ಬೋದಿಗೆಯನ್ನು ಬೇರೆಯಾಗಿ ಪ್ರಿಂಟ್ ಮಾಡಿ ಅಂಟಿಸಿ.

6. ಕನ್ನಡ ಅಕ್ಷರ ಒಡೆಯುತ್ತದೆ

ಊರಿನ ಹೆಸರಿನ ಫಲಕ ಅಥವಾ ಕೀಚೈನ್ ಮಾಡುವವರ ದೊಡ್ಡ ದೂರು ಇದು. ‘ಕಡೂರು’ ಹೇಗೋ ಓದಲು ಬರುತ್ತದೆ. ‘ತರೀಕೆರೆ’ಯಲ್ಲಿ ಈತ್ವ, ಎತ್ವಗಳು ಅಕ್ಷರದಿಂದ ದೂರ ಸರಿಯುತ್ತವೆ. ‘ಅಜ್ಜಂಪುರ’ದ ಒತ್ತಕ್ಷರವಂತೂ ಎರಡು ತುಂಡಾಗುತ್ತದೆ. ಫಾಂಟ್ ಕೆಟ್ಟಿರುವುದು ಇದಕ್ಕೆ ಕಾರಣವಲ್ಲ. ಸ್ವರಚಿಹ್ನೆ, ಒತ್ತುಗಳನ್ನು ಕೂಡಿಸುವ ವ್ಯವಸ್ಥೆ ಹಲವು 3ಡಿ ತಂತ್ರಾಂಶಗಳಲ್ಲಿ ಇಲ್ಲ. ಪರಿಹಾರ ಸುಲಭ: ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಹೆಸರನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಆಯ್ಕೆಯಿಂದ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ, ಎಸ್‌ವಿಜಿ ಫೈಲ್ ಆಗಿ ಉಳಿಸಿ. ಟಿಂಕರ್‌ಕ್ಯಾಡ್, ಫ್ರೀಕ್ಯಾಡ್, ಬ್ಲೆಂಡರ್ ಮೂರೂ ಅದನ್ನು ತೆರೆಯುತ್ತವೆ.

ಪ್ರಿಂಟ್ ಮಾಡುವ ಮೊದಲು

ಮಾದರಿ ಮುಗಿಯಿತು ಎನಿಸಿದಾಗ ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಅಳತೆಯನ್ನು ಮಾದರಿಯಲ್ಲಿ ಅಳೆದು ನೋಡಿ. ಅದು ಹೊಂದದಿದ್ದರೆ ಪರದೆಯ ಮೇಲೆ ಎಷ್ಟೇ ಚೆಂದ ಕಂಡರೂ ಪ್ರಿಂಟ್‌ಗೆ ಕಳಿಸಬೇಡಿ. ಪ್ಲಾಸ್ಟಿಕ್, ವಿದ್ಯುತ್, ಅಂಗಡಿಗೆ ಕೊಡುವ ಹಣ ಎಲ್ಲವೂ ಉಳಿಯುತ್ತದೆ. ದೊಡ್ಡ ಮಾದರಿಗೆ ಮೊದಲು ಅದರ ಒಂದು ತುಂಡನ್ನಷ್ಟೇ ಪ್ರಿಂಟ್ ಮಾಡಿ ನೋಡಿ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ 3ಡಿ ಪ್ರಿಂಟರ್ ಇರುವುದುಂಟು. ಮಕ್ಕಳಿಗೆ ಆ ಅವಕಾಶವಿದ್ದರೆ ಕೇಳಿ ನೋಡಿ.

ಹಾಗಾದರೆ ಸತ್ಯವೇನು?

ಫೋನ್‌ನಿಂದ 3ಡಿ ಮಾದರಿ ಸಾಧ್ಯ ಎಂಬುದು ನಿಜ. ಅದು ತಾನಾಗಿಯೇ ನಿಖರವಾಗಿರುತ್ತದೆ ಎಂಬುದು ಸುಳ್ಳು. ಹೊಯ್ಸಳರ ಕಂಬ ಆಶ್ಚರ್ಯಕರ ಎಂಬುದು ನಿಜ. ಅದಕ್ಕೆ ಕಂಪ್ಯೂಟರ್ ಬೇಕಿತ್ತು ಎಂಬುದಕ್ಕೆ ಆಧಾರವಿಲ್ಲ. ಇನ್ನು ಮುಂದೆ ‘ದೇವಾಲಯದ ಯಥಾವತ್ 3ಡಿ ಪ್ರತಿರೂಪ’ ಎಂಬ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಹಂಚುವ ಮೊದಲು ಎರಡು ಪ್ರಶ್ನೆ ಕೇಳಿ: ಎಷ್ಟು ಫೋಟೊಗಳಿಂದ ಮಾಡಿದ್ದು? ಅಳತೆ ಎಲ್ಲಿಂದ ಬಂತು? ಉತ್ತರವಿಲ್ಲದಿದ್ದರೆ ಅದನ್ನು ಚಿತ್ರವೆಂದು ನೋಡಿ ಸಂತೋಷಪಡಿ, ದಾಖಲೆಯೆಂದು ಹಂಚಬೇಡಿ. ಪೌಡರ್ ಹಾಕುವ ಸಲಹೆ ಅದರ ಜೊತೆಗಿದ್ದರೆ, ಕಲ್ಲಿಗೆ ಅದು ಬೇಡವೆಂದು ನಿಮ್ಮ ಗುಂಪಿನವರಿಗೆ ತಿಳಿಸಿ.