ಸರ್ವೆ ನಂಬರ್ ಒಂದೇ, ಹಿಸ್ಸಾ ಬೇರೆ

ಕಡೇಚೂರಿನ ನಮ್ಮ ಮನೆಯ ರೌಟರನ್ನು ನಾನೇ ಕೈಯಾರೆ ಕೊಂದದ್ದು ಒಂದು ಬೇಸಿಗೆ ರಾತ್ರಿ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡೋ ಮಗ ಬಂದಿದ್ದಾನೆ, ದಿನಕ್ಕೆರಡು ಸಲ ನಿಂತುಹೋಗುವ ಡಬ್ಬಿಯನ್ನು ಸರಿ ಮಾಡ್ತಾನೆ ಅಂತ ಮನೆಯವರ ನಂಬಿಕೆ. ಗೆಳೆಯನೊಬ್ಬನಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ಬಂದ ರೌಟರ್ ಅದು, ಯಾರೋ ಮೊದಲೇ ಹಳೇ ಓಪನ್‌ಡಬ್ಲ್ಯುಆರ್‌ಟಿ ಹಾಕಿದ್ದರು. ಮಾಡೆಲ್ ಹೆಸರು ನೋಡಿ ಹೊಸ ಫೈಲ್ ಇಳಿಸಿದೆ. 'ಈ ಫೈಲ್ ಈ ಯಂತ್ರದ್ದಲ್ಲ' ಅಂತ ಎಚ್ಚರಿಕೆ ಬಂತು. ಗೊತ್ತಿದ್ದವನ ಗತ್ತಿನಲ್ಲಿ, ಬಲವಂತವಾಗಿ ಹಾಕು ಅನ್ನುವ ಚೌಕಕ್ಕೆ ಟಿಕ್ ಒತ್ತಿದೆ. ಎಲ್ಲ ದೀಪಗಳೂ ಒಮ್ಮೆ ಹೊತ್ತಿ ಆರಿದವು. ಆಮೇಲೆ ಪವರ್ ದೀಪ ಬಿಟ್ಟರೆ ಏನೂ ಇಲ್ಲ. ತಂಗಿಯ ಅರ್ಜಿ ತುಂಬೋಕೆ ಮರುದಿನವೇ ಕಡೇ ದಿನ.

ಅಪ್ಪ ಡಬ್ಬಿ ತಿರುಗಿಸಿ ಕನ್ನಡಕ ಏರಿಸಿದರು. "ತಳಗ ವರ್ಷನ್ ಅಂತ ನಂಬರ್ ಬರ್ದದಲ್ಲೋ, ಓದಿದ್ದೇನು? ಸರ್ವೆ ನಂಬರ್ ಒಂದೇ ಇದ್ರ ಏನಾತು, ಹಿಸ್ಸಾ ಬ್ಯಾರೆ ಇರ್ತದ."

ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋದ ಊರು ನಮ್ಮದು. ಇಲ್ಲಿ ಪಹಣಿ ಓದೋದನ್ನು ಯಾರೂ ಹೇಳಿಕೊಡಬೇಕಿಲ್ಲ. ಸರ್ವೆ ನಂಬರ್ ಮಾತ್ರ ನೋಡಿ ಹೋದವನು ಕಚೇರಿಯಿಂದ ಬರಿಗೈಲಿ ವಾಪಸ್ ಬರ್ತಾನೆ.

ರೌಟರ್ ಲೋಕದಲ್ಲಿ ಈ ಹಿಸ್ಸಾ ತಕರಾರಿಗೆ ಇಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆ ಇದೆ. 2002ರ ಕೊನೆಗೆ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಅನ್ನುವ ನೀಲಿ-ಕಪ್ಪು ರೌಟರನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದಿನ ವರ್ಷ ಸಿಸ್ಕೊ ಆ ಕಂಪನಿಯನ್ನೇ ಕೊಂಡಿತು. 2003ರ ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಎಂಬವರು ಲಿನಕ್ಸ್ ಕರ್ನೆಲ್ ಬರೆಯುವವರಿಗೆ ಒಂದು ಪತ್ರ ಹಾಕಿದರು: ಈ ಡಬ್ಬಿಯೊಳಗೆ ಇರೋದು ಲಿನಕ್ಸ್, ಆದರೆ ಮೂಲ ಕೋಡ್ ಎಲ್ಲೂ ಕೊಟ್ಟಿಲ್ಲ. ಜಿಪಿಎಲ್ ಪರವಾನಗಿಯ ಕರಾರು ಸರಳ. ಈ ಕೋಡ್ ಹಾಕಿ ಸಾಮಾನು ಮಾರಿದರೆ, ಕೊಂಡವನು ಕೇಳಿದಾಗ ಕೋಡ್ ಕೊಡಬೇಕು. ಒತ್ತಡ ಬೆಳೆಯಿತು, ಕೆಲವೇ ವಾರಗಳಲ್ಲಿ ಕೋಡ್ ಹೊರಗೆ ಬಂತು. 2004ರ ಜನವರಿಯಲ್ಲಿ ಅದನ್ನೇ ಬುನಾದಿ ಮಾಡಿಕೊಂಡು ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಹೆಸರಿನ ಬಾಲದಲ್ಲಿ ಆ ರೌಟರಿನ ಮೂರು ಅಕ್ಷರ ಇಂದಿಗೂ ಉಳಿದಿವೆ. ಅತ್ತ ಸ್ವೆಸಾಫ್ಟ್ ಎಂಬ ತಂಡ ಚಂದಾ ಕೊಟ್ಟವರಿಗೆ ಫರ್ಮ್‌ವೇರ್ ಹಂಚುತ್ತಿತ್ತು. ಆ ಜಗಳದಿಂದ ಹುಟ್ಟಿದ್ದು ಜರ್ಮನಿಯ ಸೆಬಾಸ್ಟಿಯನ್ ಗಾಟ್‌ಶಾಲ್ ಅವರ ಡಿಡಿ-ಡಬ್ಲ್ಯುಆರ್‌ಟಿ.

ನಮ್ಮ ದೇಶದಲ್ಲೂ ಇದರ ಅಲೆ ಬೇಗ ಮುಟ್ಟಿತು. 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ತರಂಗ ಲೈಸೆನ್ಸ್‌ಮುಕ್ತವಾದ ಬೆನ್ನಿಗೇ ಧರ್ಮಶಾಲಾದ ಬೆಟ್ಟಗಳಲ್ಲಿ ಇದೇ ಲಿಂಕ್‌ಸಿಸ್ ಡಬ್ಬಿಗಳನ್ನು ಮಾರ್ಪಡಿಸಿ, ಒಂದರಿಂದೊಂದಕ್ಕೆ ಸಿಗ್ನಲ್ ದಾಟಿಸಿ, ಶಾಲೆ-ಸಂಸ್ಥೆಗಳಿಗೆ ಇಂಟರ್‌ನೆಟ್ ಕೊಟ್ಟರು.

ಅಲ್ಲಿಯವರೆಗೂ ಡಬ್ಲ್ಯುಆರ್‌ಟಿ54ಜಿಯೊಳಗೆ 4 ಎಂಬಿ ಫ್ಲಾಶ್, 16 ಎಂಬಿ ರ್ಯಾಮ್ ಇರೋದು ವಾಡಿಕೆಯಾಗಿತ್ತು. 2005ರ ಕೊನೆಗೆ ವರ್ಷನ್ 5 ಬಂತು. ಅದೇ ಬಣ್ಣ, ಅದೇ ಎರಡು ಕೊಂಬು, ಮೇಲೆ ಅದೇ ಹೆಸರು. ಒಳಗೆ ಮಾತ್ರ 2 ಎಂಬಿ ಫ್ಲಾಶ್, 8 ಎಂಬಿ ರ್ಯಾಮ್, ಲಿನಕ್ಸ್ ಜಾಗದಲ್ಲಿ ವಿಎಕ್ಸ್‌ವರ್ಕ್ಸ್. ಖರ್ಚು ಉಳಿಸುವ ಲೆಕ್ಕಾಚಾರ. ಹಳೇ ಹೆಸರು ನಂಬಿ ಕೊಂಡವರು ಬೇಸ್ತು ಬಿದ್ದರು. ಲಿನಕ್ಸ್ ಬೇಕೆನ್ನುವವರಿಗಾಗಿ ಹಳೇ ಒಡಲನ್ನೇ ಡಬ್ಲ್ಯುಆರ್‌ಟಿ54ಜಿಎಲ್ ಅಂತ ಬೇರೆ ಹೆಸರಲ್ಲಿ ಮಾರಿದರು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇಲ್ಲೇ. ಅವತ್ತಿನಿಂದ ರೌಟರ್ ಹೆಸರು ಬರೀ ಸರ್ವೆ ನಂಬರ್ ಆಯಿತು.

ಹಾಗಾಗಿ ಫರ್ಮ್‌ವೇರ್ ಹುಡುಕುವ ಮೊದಲು ಡಬ್ಬಿ ತಿರುಗಿಸಿ ವರ್ಷನ್ ಓದಿ. ಆಮೇಲೆ ಒಳಗಿನ ಚಿಪ್ ಯಾರದು ನೋಡಿ. ಬ್ರಾಡ್‌ಕಾಮ್ ತನ್ನ ವೈಫೈ ಡ್ರೈವರನ್ನು ಮುಚ್ಚಿಟ್ಟುಕೊಂಡದ್ದರಿಂದ ಓಪನ್‌ಡಬ್ಲ್ಯುಆರ್‌ಟಿಯವರು ಆ ಹಳೇ ರೌಟರುಗಳಿಗಾಗಿ ವರ್ಷಗಟ್ಟಲೆ ಲಿನಕ್ಸ್ 2.4ಕ್ಕೇ ಜೋತುಬೀಳಬೇಕಾಯಿತು. ಇವತ್ತಿಗೂ ಬ್ರಾಡ್‌ಕಾಮ್ ಇದ್ದರೆ ಡಿಡಿ-ಡಬ್ಲ್ಯುಆರ್‌ಟಿ ಅಥವಾ ಫ್ರೆಶ್‌ಟೊಮ್ಯಾಟೊ ಕಡೆ ನೋಡೋದು ಜಾಣತನ. ಮೀಡಿಯಾಟೆಕ್, ಕ್ವಾಲ್‌ಕಾಮ್ ಇದ್ದರೆ ಓಪನ್‌ಡಬ್ಲ್ಯುಆರ್‌ಟಿ. ಫ್ಲಾಶ್ 4 ಎಂಬಿ, ರ್ಯಾಮ್ 32 ಎಂಬಿಯ ಹಳೇ ಡಬ್ಬಿಗಳಿಗೆ 19.07ರ ಸರಣಿಯೇ ಕೊನೆ. ಅಂಥದ್ದರ ಮೇಲೆ ಹೊಸದನ್ನು ತುರುಕಬೇಡಿ. ಹೊಸದಾಗಿ ಕೊಳ್ಳುವವರು 16 ಎಂಬಿ, 128 ಎಂಬಿಗೆ ಕಡಿಮೆ ನೋಡಲೇಬೇಡಿ.

ಫೈಲಿನಲ್ಲೂ ಎರಡು ಜಾತಿ. ಕಂಪನಿಯ ಫರ್ಮ್‌ವೇರ್ ಇನ್ನೂ ಇದ್ದರೆ 'ಫ್ಯಾಕ್ಟರಿ', ಓಪನ್‌ಡಬ್ಲ್ಯುಆರ್‌ಟಿ ಆಗಲೇ ಕೂತಿದ್ದರೆ 'ಸಿಸ್‌ಅಪ್‌ಗ್ರೇಡ್'. 'ಸ್ನ್ಯಾಪ್‌ಶಾಟ್' ಅಂದರೆ ನಿನ್ನೆ ರಾತ್ರಿ ಬೇಯಿಸಿದ್ದು. ಮನೆಮಂದಿ ನಂಬಿಕೊಂಡ ರೌಟರಿಗೆ ಅದು ಬೇಡ, ಬಿಡುಗಡೆಯಾದದ್ದನ್ನೇ ಹಾಕಿ. ವೈಫೈ ಮೇಲೆ ಹಾಕಬೇಡಿ, ಕೇಬಲ್ ಚುಚ್ಚಿಕೊಳ್ಳಿ. ನಮ್ಮ ಕಡೆ ಇನ್ನೊಂದು ಮಾತು ಸೇರಿಸಬೇಕು, ರೌಟರನ್ನು ಇನ್ವರ್ಟರ್ ಲೈನಿಗೆ ಹಾಕಿಯೇ ಶುರು ಮಾಡಿ. ಅರ್ಧ ಬರೆಯುವಾಗ ಕರೆಂಟ್ ಹೋದರೆ ಸರಿಯಾದ ಫೈಲ್ ಕೂಡ ಕಾಯಲ್ಲ. ಫೈಬರ್ ಕಂಪನಿಯವರು ಗೋಡೆಗೆ ಹೊಡೆದು ಹೋದ ಡಬ್ಬಿಯನ್ನಂತೂ ಮುಟ್ಟಬೇಡಿ. ನಿಮ್ಮ ರೌಟರ್ ಅದರ ಹಿಂದೆ ಕೂರಲಿ.

ಆ ರಾತ್ರಿ ತಂಗಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಮಾಳಿಗೆ ಹತ್ತಿದಳು. ಫೋಟೊ, ಸಹಿ, ಮಾರ್ಕ್ಸ್‌ಕಾರ್ಡ್ ಒಂದೊಂದಾಗಿ ಅಪ್‌ಲೋಡ್ ಆಗೋ ತನಕ ನನ್ನ ಜತೆ ಒಂದು ಮಾತೂ ಆಡಲಿಲ್ಲ. ನಾನು ಕೆಳಗೆ ಲ್ಯಾಪ್‌ಟಾಪಿಗೆ ಖಾಯಂ ಅಡ್ರೆಸ್ ಕೊಟ್ಟು, ಟಿಎಫ್‌ಟಿಪಿ ಸರ್ವರ್ ತೆರೆದು, ರೌಟರಿನ ರೀಸೆಟ್ ಗುಂಡಿ ಅದುಮಿ ಹಿಡಿದು ಪವರ್ ಕೊಡ್ತಾ ಕೂತೆ. ಫರ್ಮ್‌ವೇರ್ ಸತ್ತರೂ ಅದಕ್ಕಿಂತ ಮೊದಲು ಏಳುವ ಬೂಟ್‌ಲೋಡರ್ ಬದುಕಿದ್ದರೆ, ಅದು ಎದ್ದ ಕೂಡಲೇ ಕೆಲವು ಕ್ಷಣ ಒಂದು ಫೈಲಿಗಾಗಿ ಕಾಯುತ್ತದೆ. ಏಳನೇ ಸಲ ಫೈಲ್ ಎತ್ತಿಕೊಂಡಿತು. ಈ ಸಲ ಹಿಸ್ಸಾ ಸರಿ ಇತ್ತು.

"ಬಂತೇನು?" ಅಂದರು ಅಪ್ಪ. ಬಂತು ಅಂದೆ. ಬೆಳಿಗ್ಗೆ ಎದ್ದು ನೋಡಿದರೆ ರೌಟರಿನ ನೆತ್ತಿಯ ಮೇಲೆ ಮಾರ್ಕರ್‌ನಲ್ಲಿ ವರ್ಷನ್ ನಂಬರ್ ದಪ್ಪಗೆ ಬರೆದಿತ್ತು, ಅಪ್ಪನ ಅಕ್ಷರ.