ಕಿವಿಗೆ ಬಿದ್ದದ್ದು, ಮನಸ್ಸಿಗೆ ಮುಟ್ಟಿದ್ದು

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಮೂರ್ನಾಡು ಸಣ್ಣ ಪೇಟೆ. ಆದರೆ ಅಲ್ಲಿಯ ಅಂಗಡಿ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಕೊಡವ ತಕ್ಕ್, ಮಲಯಾಳ, ಅರೆಭಾಷೆ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿ ನಿಂತವರೆಲ್ಲರ ಕಿವಿಗೆ ಬೀಳುವ ಸದ್ದು ಒಂದೇ. ಹಾಗೆಂದು ಎಲ್ಲರಿಗೂ ಕೇಳಿಸುವುದು ಒಂದೇ ಎನ್ನಬಹುದೇ?

ಕೊಡವ ತಕ್ಕ್‌ನಲ್ಲಿ ಕನ್ನಡಕ್ಕಿಲ್ಲದ ಎರಡು ಸ್ವರಗಳಿವೆ, ಹ್ರಸ್ವ ದೀರ್ಘ ಸೇರಿಸಿದರೆ ನಾಲ್ಕು. ಇ, ಎ ಎನ್ನುವಾಗ ಮುಂದಿರುವ ನಾಲಗೆಯನ್ನು, ತುಟಿ ದುಂಡಾಗಿಸದೆ, ಹಿಂದಕ್ಕೆಳೆದುಕೊಂಡರೆ ಅವು ಹೊರಡುತ್ತವೆ. ಟ, ಣ, ಳ ಮೊದಲಾದ ನಾಲಗೆ ಮಡಚುವ ವ್ಯಂಜನಗಳ ಸಹವಾಸದಿಂದ ಹಳೆಯ ಇ, ಎ ಹೀಗಾದವು. ತುಟಿಯಲ್ಲಿ ಹುಟ್ಟುವ ಅಕ್ಷರದ ನಂತರ ಬಂದಲ್ಲಿ ಬೇರೆಯೇ ಬದಲಾವಣೆ: ಕನ್ನಡದ ಹೆಣ್ಣು, ಮಲಯಾಳದ ಪೆಣ್ಣ್, ಕೊಡವರಿಗೆ ಪೊಣ್ಣ್. 1930ರ ದಶಕದಲ್ಲಿ ಇಲ್ಲಿಗೆ ಬಂದು ಈ ಭಾಷೆಯನ್ನು ಅಭ್ಯಾಸ ಮಾಡಿದ ವಿದ್ವಾಂಸ ಎಂ.ಬಿ. ಎಮೆನೋ 1970ರಲ್ಲಿ ಈ ಸ್ವರಗಳ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕೂ ಮೊದಲು, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಲಿಪಿಯಲ್ಲಿ ಈ ಸ್ವರಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ಕೊಡವ ಓದುಗ ಅಕ್ಷರ ನೋಡಿ ತನ್ನ ಸ್ವರವನ್ನು ತಾನೇ ತುಂಬಿಕೊಳ್ಳುತ್ತಾನೆ. ಕನ್ನಡಿಗ ಬರೆದದ್ದನ್ನಷ್ಟೇ ಓದುತ್ತಾನೆ. ಕೊಡಗಿನಲ್ಲಿ ಕೊಡವ ತಕ್ಕ್ ಮನೆಮಾತಾಗಿರುವ ಮಾಪಿಳ್ಳೆ ಕುಟುಂಬಗಳಿವೆ, ಮಲಯಾಳ ಆಡುವವರೂ ಇದ್ದಾರೆ. ಒಂದೇ ಮಸೀದಿಯ ಸಫ್‌ನಲ್ಲಿ ನಿಂತ ಮಾತ್ರಕ್ಕೆ ಅವರ ಕಿವಿಗಳು ಒಂದಾಗುವುದಿಲ್ಲ.

ಈ ವ್ಯತ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಿಂದಿಯ ತ ಮತ್ತು ಟ ಧ್ವನಿಗಳನ್ನು ಇಂಗ್ಲಿಷ್ ಮನೆಯ ಶಿಶುಗಳಿಗೆ ಕೇಳಿಸಲಾಯಿತು. ಆರರಿಂದ ಎಂಟು ತಿಂಗಳ ಮಕ್ಕಳು ವ್ಯತ್ಯಾಸವನ್ನು ಗುರುತಿಸಿದರು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವರಿಗೆ ಅದು ಕಷ್ಟವಾಗಿತ್ತು. ಕಿವಿ ಕೆಟ್ಟಿರಲಿಲ್ಲ, ತನಗೆ ಬೇಡದ ವ್ಯತ್ಯಾಸವನ್ನು ಮೆದುಳು ಬದಿಗೆ ಸರಿಸಿತ್ತು.

ಮದ್ರಸದ ಉಸ್ತಾದರಿಗೆ ಇದು ಗೊತ್ತಿರುವ ಸಂಗತಿಯೇ. ಸೀನ್ ಮತ್ತು ಸ್ವಾದ್ ಬೇರೆ ಬೇರೆ ಎಂದು ಮಗುವಿನ ಕಿವಿಗೆ ಮೊದಲು ಹಿಡಿಯಬೇಕು, ನಾಲಗೆ ತಿರುಗುವುದು ಆಮೇಲೆ. ಅರಬಿ ಅಕ್ಷರಗಳಿಗೆ ಹದಿನಾರು ಮಖ್ರಜ್‌ಗಳನ್ನು, ಅಂದರೆ ಹುಟ್ಟುವ ಸ್ಥಾನಗಳನ್ನು, ಎಣಿಸಿದ ಎಂಟನೆಯ ಶತಮಾನದ ಸೀಬವೈಹಿ ಅರಬನಲ್ಲ, ಪರ್ಷಿಯದವ. ಪರಭಾಷೆಯ ಕಿವಿಗೆ ಈ ಸೂಕ್ಷ್ಮಗಳು ಹೆಚ್ಚು ಕೇಳಿಸಿರಬೇಕು ಎಂದು ನನಗನಿಸುತ್ತದೆ. ಇಬ್ನ್ ಸೀನಾ (980–1037) ಅಕ್ಷರಧ್ವನಿಗಳ ಉತ್ಪತ್ತಿಯ ಕಾರಣಗಳ ಬಗ್ಗೆ ಒಂದು ಕಿರುಗ್ರಂಥವನ್ನೇ ಬರೆದ. ಸದ್ದು ಎಂದರೆ ಗಾಳಿಯ ಅಲೆ ಎಂದು ಅದರಲ್ಲಿ ವಿವರಿಸಿ, ಗಂಟಲಿನ ಮೃದ್ವಸ್ಥಿಗಳನ್ನು ವೈದ್ಯನ ಕಣ್ಣಿನಿಂದ ವರ್ಣಿಸಿದ. ಇಂದ್ರಿಯಗಳು ತಂದದ್ದನ್ನು ಒಟ್ಟುಗೂಡಿಸಿ ಅರ್ಥ ಮಾಡುವ ಒಳ ಇಂದ್ರಿಯಗಳನ್ನು ಅವನು ಇಟ್ಟದ್ದು ಮೆದುಳಿನಲ್ಲಿ. ಅವನು ಹೇಳಿದ ಮೆದುಳಿನ ಕೋಣೆಗಳು ಇಂದು ಯಾರಿಗೂ ಒಪ್ಪಿಗೆಯಾಗುವುದಿಲ್ಲ, ಆದರೆ ಪ್ರಶ್ನೆ ಸರಿಯಾಗಿತ್ತು.

ವಯಸ್ಸಾದವರ ವಿಷಯದಲ್ಲಿ ಈ ಪ್ರಶ್ನೆ ಮನೆಯೊಳಕ್ಕೇ ಬರುತ್ತದೆ. ಮುಪ್ಪಿನಲ್ಲಿ ಮೊದಲು ಕುಂದುವುದು ತೀಕ್ಷ್ಣ ಸದ್ದುಗಳ ಗ್ರಹಿಕೆ. ಸ್ವರಗಳು ದಪ್ಪ ದನಿಯವು, ಉಳಿಯುತ್ತವೆ. ಸ, ಶ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. "ಶಬ್ದ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ" ಎಂದು ಹಿರಿಯರು ಹೇಳುವುದು ನೆಪವಲ್ಲ. ತಪ್ಪಿದ ಅಕ್ಷರವನ್ನು ಮೆದುಳು ಊಹಿಸಿ ತುಂಬಬೇಕು. ಆ ದುಡಿಮೆಯಲ್ಲಿ ಕೇಳಿದ್ದನ್ನು ನೆನಪಿಡಲು ಬೇಕಾದ ಗಮನ ಖರ್ಚಾಗುತ್ತದೆ. ನಾವು ಅದನ್ನು ಅರಳುಮರಳು ಎಂದು ಕರೆದು ಮಾತು ಕಡಿಮೆ ಮಾಡುತ್ತೇವೆ. ಕಿವುಡು ಮರೆವಿನ ರೋಗದ ಅಪಾಯವನ್ನು ಹೆಚ್ಚಿಸುವ, ಆದರೆ ತಡೆಯಬಹುದಾದ ಕಾರಣಗಳಲ್ಲೊಂದು ಎಂದು ಲ್ಯಾನ್ಸೆಟ್ ಆಯೋಗ 2017ರಿಂದ ಹೇಳುತ್ತ ಬಂದಿದೆ. ಶ್ರವಣ ಸಾಧನ ಹಾಕಿದರೆ ಬುದ್ಧಿ ಉಳಿಯುತ್ತದೆಯೇ? ಅಮೆರಿಕದಲ್ಲಿ 977 ಹಿರಿಯರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಕುಸಿತ ಸುಮಾರು ಅರ್ಧದಷ್ಟು ನಿಧಾನವಾಯಿತು. ಜಾಹೀರಾತಿನವರು ಎರಡನೆಯದನ್ನಷ್ಟೇ ಹೇಳಿಯಾರು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದದ್ದು 1965ರಲ್ಲಿ. ಸದ್ದು ಕೇಳಿಸುತ್ತದೆಯೇ ಎಂದು ಯಂತ್ರದಿಂದ ಅಳೆಯಬಹುದು, ಮಾತು ತಿಳಿಯುತ್ತದೆಯೇ ಎಂದು ನೋಡಲು ಪದಗಳೇ ಬೇಕು. ಕನ್ನಡದ ಧ್ವನಿಗಳ ಪ್ರಮಾಣಕ್ಕೆ ಹೊಂದುವ ಪದಪಟ್ಟಿಯೊಂದನ್ನು ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಅಲ್ಲಿ ರೂಪಿಸಿದರು. ಇಂಗ್ಲಿಷ್ ಪಟ್ಟಿ ಹಿಡಿದು ನಮ್ಮವರ ಕಿವಿ ಅಳೆಯುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ 2011ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ತಾಯ್ನುಡಿ ಎಂದು ಬರೆಸಿದವರು 1,13,857 ಮಂದಿ. ಅವರಲ್ಲಿ ಒಬ್ಬ ಅಜ್ಜಿ ಕನ್ನಡ ಪಟ್ಟಿಯ ಪದವೊಂದನ್ನು ತಪ್ಪಾಗಿ ಮರುನುಡಿದರೆ ಸೋತದ್ದು ಕಿವಿಯೋ, ಪರಿಚಯವಿಲ್ಲದ ಪದವೋ ಎಂದು ಬಿಡಿಸುವುದು ಸುಲಭವಲ್ಲ. ಮನೆಯಲ್ಲಿ ಯಾವ ಮಾತು ಎಂದು ಕೇಳದೆ ಪರೀಕ್ಷೆ ಶುರುವಾದರೆ ಇನ್ನೂ ಕಷ್ಟ. ಮರೆವಿನ ಪರೀಕ್ಷೆಯೂ ಹೆಚ್ಚಾಗಿ ಬಾಯಿಮಾತಿನಲ್ಲೇ ನಡೆಯುತ್ತದೆ: ಮೂರು ಪದ ಹೇಳುತ್ತಾರೆ, ಸ್ವಲ್ಪ ಹೊತ್ತಿನ ಬಳಿಕ ಆ ಮೂರನ್ನೂ ಹೇಳಿ ಎನ್ನುತ್ತಾರೆ. ಆ ಪದಗಳು ಮೊದಲೇ ಸರಿಯಾಗಿ ಕೇಳಿಸಿದ್ದವೇ ಎಂದು ಖಚಿತಪಡಿಸಿಕೊಳ್ಳದಿದ್ದರೆ ಸೋತದ್ದು ನೆನಪೋ, ಕಿವಿಯೋ ತಿಳಿಯುವುದಿಲ್ಲ.